ಪನ್ನೀರು ಚಿಮುಕಿಸಿ ಪಡೆದ ಒಪ್ಪಿಗೆ

ಹೊಸಹಳ್ಳಿ, ಜುಲೈ ೧೯೯೯

ದೇಶಪ್ರೇಮ ಜಾಗೃತಿ ಸಮಿತಿಯ ಮಾನ್ಯ ಅಧ್ಯಕ್ಷರೇ,

ನಾನು ಸೈನ್ಯ ಸೇರಲು ಒಪ್ಪಿದ ಸಂಗತಿಯನ್ನು ಮೊನ್ನೆ ಪತ್ರಿಕೆಯಲ್ಲಿ ಓದಿ ತಿಳಿದುಕೊಂಡೆ. ‘ಹೊಸಹಳ್ಳಿ ಹೋಬಳಿಯ ವೀರಮಾತೆ ಎರಡನೆಯ ಮಗನನ್ನೂ ಗಡಿಗೆ ಅರ್ಪಿಸಿದರು’ ಎಂದಿತ್ತು. ವೀರಮಾತೆ ಅಂದರೆ ನನ್ನ ಅವ್ವ ಓಬಮ್ಮ. ಎರಡನೆಯ ಮಗ ಅಂದರೆ ಪಿಯುಸಿ ಮುಗಿಸಿ ಕುರಿ ಕಾಯುತ್ತಿರುವ ನಾನು. ಅರ್ಪಿಸಿದವರು ಮಾತ್ರ ತಾವು. ಬೇರೆಯವರ ಮಗನನ್ನು ಇಷ್ಟು ಧಾರಾಳವಾಗಿ ದಾನ ಮಾಡಿದ ತಮ್ಮ ದೊಡ್ಡ ಮನಸ್ಸಿಗೆ ಶರಣು.

ಅಣ್ಣ ಮೈಲಪ್ಪ ತಾನಾಗಿಯೇ ಹೋಗಿ ಸೈನ್ಯ ಸೇರಿದವನು. ನಮಗೆ ಅದರ ಹೆಮ್ಮೆಯಿದೆ. ಕಾರ್ಗಿಲ್‌ನಲ್ಲಿ ಕಾಳಗ ಶುರುವಾದ ಮೇಲೆ ಅವನ ಸುದ್ದಿಯೇ ಇಲ್ಲ. ಅವ್ವನಿಗೆ ಊಟ ಸೇರುತ್ತಿಲ್ಲ. “ಸಭೆಗೆ ಬರ್ರಿ ಯಮ್ಮಾ, ನಿಮ್ಮ ಮಗನ ಸುದ್ದಿ ಸಾಹೇಬ್ರು ಸ್ವತಃ ಹೇಳ್ತಾರ” ಎಂದು ತಮ್ಮವರು ಮನೆ ಮುಂದೆ ಜೀಪು ನಿಲ್ಲಿಸಿದ್ದಕ್ಕೆ ಅವಳು ಹತ್ತಿದಳು. ಜೊತೆಗೆ ನಾನೂ ಹತ್ತಿದೆ.

ಕೂಡ್ಲಿಗಿಯಲ್ಲಿ ಇಳಿದ ಕೂಡಲೇ ನನ್ನ ಹಣೆತುಂಬ ಭಂಡಾರ ಬಳಿದಿರಿ, ಕೊರಳಿಗೆ ಚೆಂಡುಹೂವಿನ ಹಾರ ಹಾಕಿದಿರಿ, ಮುಂದೆ ಡೊಳ್ಳು ಬಿಟ್ಟು ಮೆರವಣಿಗೆ ಮಾಡಿಸಿದಿರಿ. ತಮಗಿದು ಸನ್ಮಾನ. ನಮ್ಮ ಕುರಿಗಾರರಲ್ಲಿ ಇಷ್ಟೆಲ್ಲ ಉಪಚಾರ ಸಿಗುವುದು ಹರಕೆಯ ಟಗರಿಗೆ. ಕೊನೆಯಲ್ಲಿ ಅದರ ಮೇಲೆ ನೀರು ಚಿಮುಕಿಸುತ್ತೇವೆ. ಅದು ಮೈ ಜಾಡಿಸಿತೋ, ಒಪ್ಪಿಗೆ ಕೊಟ್ಟಿತೆಂದು ಲೆಕ್ಕ, ಆಮೇಲೆ ಕತ್ತಿ. ತಾವೋ, ನೆರೆದ ಕುರಿಗಾರರೆಲ್ಲರ ಎದುರು, ನನಗೆ ಪನ್ನೀರು ಚಿಮುಕಿಸುವಂತೆ ತಮ್ಮ ಚಿರಂಜೀವಿಗೆ ಸನ್ನೆ ಮಾಡಿದಿರಿ. ಅದು ಕೊರಳಿಂದ ಬೆನ್ನಿಗೆ ಇಳಿಯಿತು. ನಾನು ಮೈ ಜಾಡಿಸಿದೆ.

“ಒಪ್ಪಿಗಿ ಆತು!” ಎಂದು ಮುಂದಿನ ಸಾಲಿನಿಂದ ನಮ್ಮೂರ ಬೊಮ್ಮಯ್ಯಜ್ಜ ಕೂಗಿದ. ಜೀವಮಾನವಿಡೀ ಟಗರುಗಳ ಒಪ್ಪಿಗೆ ಸಾರಿದ ಬಾಯಿ, ರೂಢಿ ಬಿಡಲಿಲ್ಲ. ತಾವು ಮೈಕು ಹಿಡಿದು, “ನೋಡಿ, ವೀರಯುವಕ ಒಪ್ಪಿದ್ದಾನೆ!” ಎಂದಿರಿ. ಜೈಕಾರವೋ ಜೈಕಾರ. “ನನ್ನ ಮಗ ಟಗರಲ್ರೀ! ನೀರು ತಣ್ಣಗ ಹತ್ತೈತಿ, ಅದಕ್ಕ ಮೈ ಜಾಡಿಸ್ಯಾನ!” ಎಂದು ಅವ್ವ ಅಳುತ್ತಾ ನನ್ನ ಹಾರ ಹಿಡಿದು ಎಳೆದಳು. ತಾವು ಅದನ್ನು ಆನಂದಬಾಷ್ಪವೆಂದು ಬಣ್ಣಿಸಿದಿರಿ.

ಮಾನ್ಯರೇ, ಯುದ್ಧಕ್ಕೆ ಜನರ ಒಪ್ಪಿಗೆ ಎಲ್ಲ ಕಡೆಯೂ ಹೀಗೆಯೇ ಸಿಗುತ್ತದೆಯೇ? ಚಳಿಗೆ ನಡುಗಿದರೂ ಉತ್ಸಾಹ, ಸಂಕಟಕ್ಕೆ ಅತ್ತರೂ ಆನಂದ! ಹಾಗಾದರೆ ಒಲ್ಲೆ ಎನ್ನುವವನು ಏನು ಮಾಡಬೇಕು? ಅಲ್ಲಾಡದೆ ನಿಂತರೆ ಇನ್ನೊಂದು ತಂಬಿಗೆ ಸುರಿಯುತ್ತೀರಿ. ತಮ್ಮ ಚಿರಂಜೀವಿ ನನ್ನದೇ ವಯಸ್ಸಿನವರು, ನನಗಿಂತ ದಷ್ಟಪುಷ್ಟರು. ಪನ್ನೀರುದಾನಿ ಅವರ ಕೈಯಲ್ಲೇ ಇದ್ದರೂ ಅವರ ಅಂಗಿಗೆ ಒಂದು ಹನಿಯೂ ಬೀಳಲಿಲ್ಲ. ಇದಕ್ಕೆ ಯಾವ ಶಾಸ್ತ್ರಾಧಾರ? ಇನ್ನೊಂದು ಮಾತು. ಹರಕೆಯ ಹೊತ್ತಿನಲ್ಲಿ ನಾವು ಡೊಳ್ಳು ಬಾರಿಸುವುದು ಟಗರಿಗೆ ಧೈರ್ಯ ತುಂಬಲು ಅಲ್ಲ. ಅದರ ಕೂಗು ನಮ್ಮ ಕಿವಿಗೆ ಬೀಳದಿರಲಿ ಎಂದು.

ಅವ್ವ ಕೊನೆಗೂ ಮೈಕಿನ ಹತ್ತಿರ ಹೋಗಿ, “ನನ್ನ ಮೈಲಪ್ಪ ಅದಾನೇನ್ರಿ?” ಎಂದು ಕೇಳಿದಾಗ ತಾವು ಡೊಳ್ಳಿನವರಿಗೆ ಕೈ ಬೀಸಿದಿರಿ. ಅವಳು ಮತ್ತೆ ಕೇಳಿದಳು. ತುಟಿ ಆಡಿದ್ದು ಕಂಡಿತು, ಮಾತು ಕೇಳಲಿಲ್ಲ.

ಸೋಮವಾರ ಹಡಗಲಿಯ ಸಭೆಗೆ ಮತ್ತೆ ಜೀಪು ಕಳಿಸುತ್ತೀರಂತೆ. ನಾವು ಬರುವುದಿಲ್ಲ. ನಾನು ಒಪ್ಪಿದ್ದು ಸುಳ್ಳೆಂದು ಅದೇ ಪತ್ರಿಕೆಯಲ್ಲಿ ಹಾಕಿಸಿ. ಮೈಲಪ್ಪನ ಪಲ್ಟನ್ನಿಗೆ ತಮ್ಮ ಕಚೇರಿಯ ಫೋನಿನಿಂದ ಒಂದು ಸಲ ವಿಚಾರಿಸಿ. ಇದ್ದಾನೆ ಎಂದರೆ ಯಾರ ಕೈಯಲ್ಲಾದರೂ ಹೇಳಿ ಕಳಿಸಿ, ಸಾಕು. ಇಲ್ಲ ಎಂದರೆ ಮಾತ್ರ ತಾವೇ ಬನ್ನಿ. ಡೊಳ್ಳು, ಮೈಕು ಏನೂ ಬೇಡ. ನನ್ನ ಅವ್ವ ಅಳುವುದನ್ನು ತಾವು ಎದುರಿಗೆ ಕೂತು, ಪೂರ್ತಿ ಕೇಳಬೇಕು.

ಇಂತಿ,
ಸದ್ಯಕ್ಕೆ ತಾಯಿಯ ಕೈಗೆ ಸಿಗುವಷ್ಟು ಹತ್ತಿರ ಉಳಿದಿರುವ ಮಗ,
ಬೀರಲಿಂಗೇಶ್