ಗುರುತು ಸಿಗದ ಮದುಮಗಳು

ಸ್ಕೋಪ್ಯೆ
17 ಜನವರಿ 1996

ಮುದ್ದು ರುಮೆನಾ,

ನಿನಗೂ ಮಗುವಿಗೂ ನಮ್ಮಿಬ್ಬರ ಮುತ್ತುಗಳು. ಅಳಿಯಂದಿರನ್ನು ಕೇಳಿದೆನೆಂದು ಹೇಳು. ಮಗು ಹುಟ್ಟಿದ ಮೇಲೂ ಅಮ್ಮ ಒಂದು ಕಾಗದ ಹಾಕಲಿಲ್ಲ, ಅಪ್ಪ ಫೋನಿಗೂ ಬರಲಿಲ್ಲ ಎಂದು ನೀನು ಮುನಿಸಿಕೊಂಡಿದ್ದರೆ ನ್ಯಾಯವೇ. ಅವರಿಗೆ ನೆಗಡಿ ಎಂದು ನಾನು ಹೇಳಿದ್ದು ಸುಳ್ಳು. ಗಂಟಲಲ್ಲಿ ಗೆಡ್ಡೆ ಬೆಳೆದಿತ್ತು. ಡಿಸೆಂಬರಿನಲ್ಲಿ ಆಪರೇಷನ್ ಆಯಿತು. ಬಾಣಂತಿಗೆ ಹೇಳಬೇಡ ಎಂದು ಕಣ್ಣಲ್ಲೇ ಗದರಿಸಿದ್ದರು.

ಹೆದರಬೇಡ. ಹೋದ ವಾರ ರಿಪೋರ್ಟ್ ಬಂತು, ಕ್ಯಾನ್ಸರ್ ಅಲ್ಲ. ಹೋದ ಜೀವ ಬಂದ ಹಾಗಾಯಿತು ಮಗಳೇ. ಆಸ್ಪತ್ರೆಯ ಮೆಟ್ಟಿಲ ಮೇಲೇ ಕುಳಿತು ಅತ್ತುಬಿಟ್ಟೆ. ಆದರೆ ದನಿ ಇನ್ನು ಹೀಗೇ, ಹಳೇ ಬಾಗಿಲು ಕಿರುಗುಟ್ಟಿದ ಹಾಗೆ. ಮದುವೆ ಮನೆಗಳಲ್ಲಿ ಅಕಾರ್ಡಿಯನ್ ಹಿಡಿದು ಹಾಡಿ, ನಾಟಕದಲ್ಲಿ ರಾಜನೂ ಕಳ್ಳನೂ ಆಗಿ, ಟೀವಿಯ ಬೊಂಬೆ ಮುಳ್ಳುಹಂದಿಗೆ ದನಿ ಕೊಟ್ಟು, ಕಂಡವರನ್ನೆಲ್ಲ ಅಣಕಿಸಿ ಅನ್ನ ತಿಂದ ಮನುಷ್ಯ ಇನ್ನು ಹಾಡುವಂತಿಲ್ಲ. ನಾನು ಅದಕ್ಕೆ ಅಳುತ್ತಿದ್ದರೆ ಅವರು ನಗುತ್ತಿದ್ದರು! "ದಾಫಿನಾ, ಬಸ್ ಟಿಕೆಟ್ ತೆಗಿ. ಕಾರ್ನಿವಲ್‌ಗೆ ನಮ್ಮೂರು ವೆವ್ಚಾನಿಗೆ ಹೋಗೋಣ. ಇಷ್ಟು ವರ್ಷ ಮುಖವಾಡ ಹಾಕ್ಕೊಂಡು ಒಂದು ಸಲ ಕೆಮ್ಮಿದ್ರೂ ಸಾಕು, ಊರಿಗೆ ಊರೇ 'ಸೊತಿರ್ ಬಂದ' ಅಂತಿತ್ತು. ಈಗ ಹಿಡೀಲಿ ನೋಡೋಣ!"

ಅವರ ಮನಸ್ಸಿನಲ್ಲಿದ್ದದ್ದು ಅಣ್ಣನ ಬಾಗಿಲು. ನಾವುಮ್ ದೊಡ್ಡಪ್ಪನ ಮನೆಗೆ ನಾವೇಕೆ ಹೋಗುವುದಿಲ್ಲ ಎಂದು ನೀನು ಕೇಳಿದಾಗೆಲ್ಲ ನಾನು ಮಾತು ಹಾರಿಸಿದ್ದೇನೆ. ನಿನ್ನಜ್ಜ ತೀರಿಕೊಂಡ ಮೇಲೆ ನಿನ್ನಪ್ಪ ರಂಗದ ಮೇಲೆ ಅವರಂತೆಯೇ ತೊದಲಿ, ಅವರಂತೆಯೇ ಮೇಕೆಗಳನ್ನು ಬೈದು ಜನರನ್ನು ನಗಿಸಿದರು. ಪ್ರೀತಿಯಿಂದಲೇ ಮಾಡಿದ್ದು. ದೊಡ್ಡಪ್ಪ ಮಾತ್ರ ಆಟದ ನಡುವೆಯೇ ಎದ್ದು, "ಸತ್ತ ಅಪ್ಪನ್ನ ಕುಣಿಸಿ ಹೊಟ್ಟೆ ಹೊರೀತೀಯಾ? ನನ್ನ ಹೊಸ್ತಿಲು ತುಳೀಬೇಡ" ಎಂದು ಹೊರಟುಹೋದರು. ಅವತ್ತಿನಿಂದ ನಿನ್ನಪ್ಪ ಆ ಆಟ ಬಿಟ್ಟರು. ಟೀವಿಯವರು ಕಾಡಿ ಬೇಡಿದರೂ ಒಪ್ಪಲಿಲ್ಲ. ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಎನ್ನುತ್ತಾರಲ್ಲ, ಹಾಗಾಯಿತು. ಆದರೆ ಕಾರ್ನಿವಲ್ ನಡೆಯುವ ಸಂತ ವಾಸಿಲಿಯ ದಿನ ಮುಖವಾಡ ಹಾಕಿ ಬಂದವರನ್ನು ಯಾವ ಮನೆಯವರೂ ಹೊರಗೆ ನಿಲ್ಲಿಸುವಂತಿಲ್ಲ.

ಹಾಗಾಗಿ ನಿನ್ನಪ್ಪ ಮದುಮಗಳಾದರು, ಆ ಹೊಟ್ಟೆಗೆ ಎರಡು ಲಂಗ ಜೋಡಿಸಿ ಹೊಲಿದೆ. ನಾನು ಮೀಸೆ ಅಂಟಿಸಿಕೊಂಡ ಮದುಮಗ! ದೊಡ್ಡಪ್ಪ ಬಾಗಿಲು ತೆರೆದು ಲೋಟಕ್ಕೆ ರಾಕಿಯಾ ಹೆಂಡ ಸುರಿದು, ಗುರುತು ಹಿಡಿಯಲು ನಮ್ಮನ್ನು ಸುತ್ತುಹಾಕಿದರು.

"ಏನಮ್ಮಾ ಮದುಮಗಳೇ, ಯಾರ ಮನೆಯವಳು? ಒಂದು ಮಾತಾಡು."

"ನಿಮ್ಮ ಮನೆಯವಳೇ, ಮಾವ," ಎಂದರು ನಿನ್ನಪ್ಪ.

"ಅಯ್ಯೋ, ಕಪ್ಪೆ ನುಂಗಿ ಬಂದಿದ್ದಾಳೆ!" ದೊಡ್ಡಪ್ಪ ಹೊಟ್ಟೆ ಹಿಡಿದು ನಕ್ಕರು. ಊರಿನ ಗಂಡಸರ ಹೆಸರೆಲ್ಲ ಹೇಳಿ ಸೋತು ಬೆಂಚಿನ ಮೇಲೆ ಕುಳಿತರು. "ನನ್ನ ತಮ್ಮ ಆಗಿದ್ರೆ ಉಸಿರಲ್ಲೇ ಹಿಡೀತಿದ್ದೆ. ಪಾಪ, ಅವನ ಗಂಟಲು ಕೊಯ್ದರಂತೆ. ನೋಡ್ಕೊಂಡು ಬರೋಣ ಅಂತ ಎರಡು ಸಲ ಬಸ್ ಸ್ಟ್ಯಾಂಡ್ ತನಕ ಹೋಗಿ ವಾಪಸ್ ಬಂದೆ. ಬರಬೇಡ ಅಂದೋನು ನಾನೇ ಅಲ್ವಾ."

ನನ್ನ ಮೀಸೆ ಅಲ್ಲೇ ಕಣ್ಣೀರಿಗೆ ಕಳಚಿಬಿತ್ತು. ನಿನ್ನಪ್ಪ ಮುಖವಾಡ ತೆಗೆದರು. ದೊಡ್ಡಪ್ಪ ಬಿಟ್ಟ ಬಾಯಿ ಬಿಟ್ಟಂತೆ ನೋಡಿ, "ಥೂ ನಿನ್ನ! ನಿನ್ನನ್ನ ಕಟ್ಟಿಕೊಳ್ಳೋರು ಯಾರೋ ಮುದಿಯಾ!" ಎಂದು ಬೈಯುತ್ತಲೇ ತಬ್ಬಿಕೊಂಡು ಬಹಳ ಹೊತ್ತು ಬಿಡಲಿಲ್ಲ. ಹುಳಿ ಎಲೆಕೋಸಿನ ಸಾರ್ಮಾ ಬಡಿಸಿದರು. ನಿನ್ನಪ್ಪ ನುಂಗಲು ತಿಣುಕಿದಾಗ ಅಣ್ಣನೇ ಚಮಚದಲ್ಲಿ ಹಿಸುಕಿ ಕೊಟ್ಟರು. ಎರಡು ದಿನ ಅಲ್ಲೇ ಇದ್ದು ನಿನ್ನೆ ಬಂದೆವು.

ಇನ್ನು ಚಿಂತೆಯಿಲ್ಲ. ನೀನು ಹೊಟ್ಟೆ ತುಂಬ ಉಣ್ಣು, ತಣ್ಣೀರು ಮುಟ್ಟಬೇಡ. ದೇವರು ನಿಮ್ಮನ್ನು ತಣ್ಣಗಿಟ್ಟಿರಲಿ, ಮಗು ನೂರು ವರ್ಷ ಬಾಳಲಿ.

ನಿನ್ನ ಅಮ್ಮ,
ದಾಫಿನಾ

ಮರೆತ ಮಾತು: ಮರೆತಿಲ್ಲ, ಬರೆಯಲು ಕೈ ಬರಲಿಲ್ಲ. ಹೊರಡುವ ದಿನ ಬೆಳಿಗ್ಗೆ ದೊಡ್ಡಪ್ಪ ತಮ್ಮನ ಪಕ್ಕ ಕುಳಿತು ಮೆಲ್ಲಗೆ ಕೇಳಿದರು: "ಸೊತಿರ್, ಒಂದೇ ಒಂದು ಸಲ ಅಪ್ಪನ ಹಾಗೆ ಮಾತಾಡೋ. ನನಗೆ ಆ ದನಿ ಮರೆತೇಹೋಗಿದೆ." ನಿನ್ನಪ್ಪ ಮತ್ತೆ ಮತ್ತೆ ಬಾಯಿ ತೆರೆದರು. ಗೊರಗೊರ ಬಿಟ್ಟು ಏನೂ ಬರಲಿಲ್ಲ. "ಬಿಡು ಬಿಡು, ನೋಯುತ್ತೆ," ಎಂದು ದೊಡ್ಡಪ್ಪ ಹಿತ್ತಲಿಗೆ ಹೋದರು. ಸ್ವಲ್ಪ ಹೊತ್ತಿಗೆ ಕೊಟ್ಟಿಗೆಯಿಂದ ಕೇಳಿಸಿತು: ಅವರೊಬ್ಬರೇ ನಿಂತು, ತೊದಲಿ ತೊದಲಿ ಮೇಕೆಗಳನ್ನು ಬೈಯುತ್ತಿದ್ದರು. ಅಜ್ಜನ ದನಿಯನ್ನು ಒಂದಿಷ್ಟೂ ಹೋಲುತ್ತಿರಲಿಲ್ಲ. ನಾವಿಬ್ಬರೂ ಕೇಳಿಸದವರ ಹಾಗೆ ಕಾಫಿ ಕುಡಿದೆವು.