ಕೈಯಲ್ಲೇ ಉಳಿದ ಫೈಲು

ಮಾರ್ಚ್ 11, ಮಂಗಳವಾರ

ಆ ಒಂದು ಖಾಲಿ ಚೌಕ ಕಣ್ಣ ಮುಂದಿನಿಂದ ಹೋಗುತ್ತಲೇ ಇಲ್ಲ.

ನರ್ಸ್ ತಾನೇ ರೋಗಿಯನ್ನು ಪರೀಕ್ಷಿಸಿ ಔಷಧಿ ಬರೆಯುವ ಹೊಸ ಹುದ್ದೆಗೆ ಇವತ್ತು ನನ್ನ ಮೌಲ್ಯಮಾಪನವಿತ್ತು. ಕೆಮ್ಮು, ಜ್ವರ ಎಂದು ಬಂದ ಅಜ್ಜಿಯೊಬ್ಬರನ್ನು ಕೊಟ್ಟರು. ಎದೆಗೂ ಬೆನ್ನಿಗೂ ಸ್ಟೆತಸ್ಕೋಪ್ ಇಟ್ಟು ಕೇಳಿದೆ. ಬಲಗಡೆ ಕೆಳಗೆ ನ್ಯುಮೋನಿಯಾ ಎಂದೆ, ಸರಿಯಾಗಿತ್ತು. ಯಾವ ಔಷಧಿ, ಎಷ್ಟು ದಿನ ಎಂಬುದನ್ನೂ ಹೇಳಿದೆ. ಆಮೇಲೆ ಮಾಡಿದ್ದೇನು? ಫೈಲಿನ ಮೇಲೆ ಪೆನ್ನಿಟ್ಟು, ನನ್ನನ್ನು ಪರೀಕ್ಷಿಸುತ್ತಿದ್ದ ಡಾಕ್ಟರ ಮುಂದೆ ಹಿಡಿದೆ! ಇಪ್ಪತ್ತೆರಡು ವರ್ಷ ಡಾಕ್ಟರಿಗೆ ಫೈಲು ಕೊಟ್ಟು ಪಳಗಿದ ಕೈ, ತನ್ನ ಪಾಡಿಗೆ ತಾನು ಚಾಚಿತು. ಅವರು ಎರಡೂ ಕೈ ಜೇಬಿಗಿಳಿಸಿದರು.

"ಸಿಸ್ಟರ್, ಬರೀಬೇಕಾದವ್ರು ಯಾರು?"

ನಾಚಿಕೆಯಿಂದ ಭೂಮಿಗಿಳಿದುಹೋದೆ. ಅಜ್ಜಿ ಮಾತ್ರ, "ಅವರೇ ಬರೀಲಿ ಬಿಡಿ ಡಾಕ್ಟ್ರೇ, ಇಷ್ಟೊತ್ತು ನನ್ ಎದೆ ಕೇಳಿದ್ದು ಈಯಮ್ಮನೇ ತಾನೇ?" ಎಂದರು.

ಮೌಲ್ಯಮಾಪನದ ಹಾಳೆಯಲ್ಲಿ "ನಿರ್ಧಾರದ ಹೊಣೆ ತಾವೇ ಹೊರುತ್ತಾರೆ" ಎಂಬ ಚೌಕ ಖಾಲಿ ಉಳಿಯಿತು. ಮಿಕ್ಕ ಹನ್ನೊಂದಕ್ಕೂ ಗುರುತು ಬಿದ್ದಿದೆ. ಅದೊಂದಕ್ಕೆ ಗುರುವಾರ ಮತ್ತೆ ಬರಬೇಕಂತೆ. ಕೆಲಸ ಬರುವುದಿಲ್ಲ ಅಂತೇನೂ ಅಲ್ಲವಲ್ಲ, ಕೈಯ ಚಾಳಿ ಅಷ್ಟೇ. ಚಾಳಿ ಬಿಡಿಸಬಹುದು.

ಊಟವಾದ ಮೇಲೆ ಮಗಳು ಶಾಲೆಯ ಪ್ರವಾಸದ ಒಪ್ಪಿಗೆ ಪತ್ರ ತಂದಳು. "ಅಪ್ಪನ ಹತ್ರ ಸಹಿ..." ಎನ್ನುವಷ್ಟರಲ್ಲಿ ಪತ್ರ ಹಿಡಿದ ನನ್ನ ಕೈ ಆಗಲೇ ಇವರ ಕಡೆ ಚಾಚಿತ್ತು. ಹಿಂದಕ್ಕೆಳೆದುಕೊಂಡೆ. ಪೂರ್ತಿ ಓದಿ ನಾನೇ ಸಹಿ ಹಾಕಿದೆ.

"ಅಮ್ಮಾ, ನಿನ್ ಸಹಿ ಇಷ್ಟು ದೊಡ್ಡದಾ?"

ನನಗೂ ಗೊತ್ತಿರಲಿಲ್ಲ ಕಣೇ. ಗುರುವಾರ ಇನ್ನೂ ದೊಡ್ಡದಾಗಿ ಹಾಕುತ್ತೇನೆ.