ಇನ್ನು ನಿನ್ನನ್ನು ನಂಬರು ಕೇಳುವುದಿಲ್ಲ

ಮಕ್ತಲ್
ಶನಿವಾರ, ಮಧ್ಯಾಹ್ನ

ಪ್ರೀತಿಯ ಮಲ್ಲಿಗೆ,

ಈ ಕಾಗದವನ್ನು ನಿನ್ನ ಮಗಳು ಐಶ್ವರ್ಯಳೇ ನಿನಗೆ ಓದಿ ಹೇಳುತ್ತಾಳೆಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಐಶ್ವರ್ಯ, ಈ ದೊಡ್ಡವ್ವನದು ಒಂದು ಮಾತು ನಡೆಸಿಕೊಡು ಮಗಳೇ. ನಡುವೆ ನಿನಗೆ ಮುಜುಗರವೆನಿಸಿದರೂ ಒಂದು ಸಾಲನ್ನೂ ಬಿಡದೆ ಓದು. ನಿಮ್ಮವ್ವನ ಎದುರು ಕೂತು ನಾನು ಆಡಲಾಗದೆ ನುಂಗಿಕೊಂಡ ಮಾತುಗಳು ಇದರಲ್ಲಿವೆ.

ಮಲ್ಲಿ, ನಿನ್ನೆ ನನ್ನ ಪಿಂಚಣಿ ಖಾತೆಯನ್ನು ನಾನೊಬ್ಬಳೇ ತೆರೆದೆ. ಹೆಸರು ಹೊಡೆದೆ, ಪಾಸ್‌ವರ್ಡ್ ಹೊಡೆದೆ, ನನ್ನದೇ ಫೋನಿಗೆ ಟಣ್ ಎಂದು ಓಟಿಪಿ ನಂಬರು ಬಂತು. ಅದನ್ನೂ ಹೊಡೆದೆ, ತೆರೆದುಕೊಂಡಿತು. ಒಲೆಯ ಮೇಲಿಟ್ಟ ಚಹಾ ಇನ್ನೂ ಕುದಿ ಬಂದಿರಲಿಲ್ಲ. ಅಷ್ಟು ವರ್ಷ ನಾವಿಬ್ಬರೂ ಸೇರಿ ಒದ್ದಾಡಿದ ಕೆಲಸ ಇಷ್ಟೇನಾ ಅನ್ನಿಸಿತು. ಸಂತೋಷವಾಗಬೇಕಿತ್ತು. ಆದರೆ ಚಹಾ ಸೋಸಿಕೊಂಡು, ಫೋನು ಕೈಯಲ್ಲಿ ಹಿಡಿದು ಸುಮ್ಮನೆ ಕೂತೆ. ನಿನಗೆ ಫೋನ್ ಮಾಡಲು ನನ್ನ ಹತ್ತಿರ ಕಾರಣವೇ ಉಳಿದಿರಲಿಲ್ಲ.

ಹೊಸ ರಾಜ್ಯ ಬಂದ ಆ ಜೂನ್ ತಿಂಗಳು ನಿನಗೆ ನೆನಪಿರಲೇಬೇಕು. ಮಾಗನೂರಿನ ಆಚೆಯ ನಮ್ಮ ಕನ್ನಡ ಶಾಲೆಯ ಬೋರ್ಡಿನಲ್ಲಿ ಹಳೆಯ ರಾಜ್ಯದ ಹೆಸರು ಅಳಿಸಿ ಹೊಸದು ಬರೆಯಬೇಕಿತ್ತು. ಬಂದ ಪೇಂಟರನಿಗೆ ತೆಲುಗು ಬಿಟ್ಟರೆ ಬೇರೆ ಅಕ್ಷರ ಬಾರದು. ನೀನೇ ಸೆರಗು ಸೊಂಟಕ್ಕೆ ಸಿಕ್ಕಿಸಿ ಸ್ಟೂಲು ಹತ್ತಿದ್ದೆ. ತೆಲಂಗಾಣ ಎಂದು ಬರೆಯುತ್ತ ಕೊನೆಯ ಅಕ್ಷರಕ್ಕೆ ಬರುವಷ್ಟರಲ್ಲಿ ಜಾಗ ಸಾಲದೆ, ಪಾಪ, ಆ ‘ಣ’ ಮೂಲೆಯಲ್ಲಿ ಮುದುಡಿ ಕೂತಿತು. ನಾನು ನಕ್ಕಿದ್ದಕ್ಕೆ, “ಇರ್ಲಿ ಬಿಡಕ್ಕಾ, ಹೊಸ ರಾಜ್ಯ ಐತಿ, ಮುಂದ ಹೆಂಗರ ಜಾಗ ಮಾಡ್ಕೊಂತೈತಿ” ಎಂದು ಕುಂಚ ಒರೆಸಿಕೊಂಡಿದ್ದೆ.

ಅದೇ ಮಳೆಗಾಲದಲ್ಲಿ ಆಫೀಸಿನಿಂದ ಹುಕುಂ ಬಂತು: ಎಲ್ಲ ನೌಕರರೂ ಆನ್‌ಲೈನ್ ಖಾತೆ ಮಾಡಿಸಬೇಕು, ಮೊಬೈಲ್ ನಂಬರು ಕೊಡಬೇಕು. ನನ್ನ ಹತ್ತಿರ ಮೊಬೈಲೇ ಇರಲಿಲ್ಲ. “ನಂದ ಕೊಡಕ್ಕ. ಒಂದ ಕೋಣ್ಯಾಗ ಇರೋರಿಗೆ ಎರಡು ನಂಬರ ಯಾಕ ಬೇಕು?” ಅಂದವಳು ನೀನು. ಅದು ನಿಜವೇ ಆಗಿತ್ತು. ನನಗೆ ಮದುವೆಯ ಯೋಗ ಬರಲಿಲ್ಲ. ನಿನಗೆ ಬಂದದ್ದು ಬಹಳ ದಿನ ಉಳಿಯಲಿಲ್ಲ. ಕೈಗೂಸನ್ನು ಎತ್ತಿಕೊಂಡು ನೌಕರಿಗೆ ಬಂದ ನಿನಗೆ ಮಕ್ತಲಿನಲ್ಲಿ ಯಾರೂ ಮನೆ ಕೊಡದಿದ್ದಾಗ ನನ್ನ ಕೋಣೆಯಲ್ಲೇ ಇನ್ನೊಂದು ಚಾಪೆ ಹಾಸಿದೆವು. ಐಶ್ವರ್ಯ ಬೆಳೆದದ್ದು ನಮ್ಮಿಬ್ಬರ ನಡುವೆ ಮಲಗಿ.

ಆಗ ಖಾತೆ ತೆರೆಯುವುದೆಂದರೆ ಒಂದು ಸಂಭ್ರಮ. ಪಾಸ್‌ವರ್ಡ್ ಹಳೆಯದಾಯಿತು, ಬದಲಿಸು ಅನ್ನುತ್ತಿತ್ತು. ಬದಲಿಸಿದರೆ ದೊಡ್ಡ ಅಕ್ಷರ ಇಲ್ಲ, ಚಿಹ್ನೆ ಇಲ್ಲ ಎಂದು ತಿರಸ್ಕರಿಸುತ್ತಿತ್ತು. ನೀನು ಮನುಷ್ಯಳೇ ಎಂದು ಖಾತ್ರಿಪಡಿಸಲು ಸೊಟ್ಟ ಸೊಟ್ಟ ಅಕ್ಷರ ತೋರಿಸಿ ಓದು ಎನ್ನುತ್ತಿತ್ತು. “ನಮ್ಮ ಒಂದನೇ ಕ್ಲಾಸಿನ ಹುಡುಗೂರು ಬರದಂಗ ಅದಾವಲ್ಲಕ್ಕ” ಎಂದು ನೀನು ಮಾತ್ರ ಅದನ್ನು ಒಂದೇ ಏಟಿಗೆ ಓದುತ್ತಿದ್ದೆ.

ಆಮೇಲೆ ಜಿಲ್ಲೆಗಳು ಒಡೆದು ಹೊಸದಾದವು. ನೌಕರರನ್ನು ಹಂಚುವಾಗ ನನಗೆ ನಾರಾಯಣಪೇಟ ಬಂತು, ನಿನಗೆ ಗದ್ವಾಲ. ನಡುವೆ ಇರುವುದು ಒಂದು ಕೃಷ್ಣೆ, ಅಷ್ಟೇ. ಪ್ರತಿ ಭಾನುವಾರ ಬರುತ್ತೇನೆ ಎಂದು ನೀನು ಅಂದಿದ್ದೆ. ಕೆಲವು ಭಾನುವಾರ ಬಂದೆ ಕೂಡ. ಮುಂದೆ ನಿನಗೆ ಮೊಣಕಾಲು ನೋವು, ನನಗೆ ಬಸ್ಸಿನ ವಾಕರಿಕೆ. ಐಶ್ವರ್ಯಳ ಮದುವೆಯಾಯಿತು. ನಾನು ನಿವೃತ್ತಳಾದೆ, ಹಿಂದೆಯೇ ನೀನೂ ಆದೆ. ನಮ್ಮ ನಡುವೆ ಉಳಿದದ್ದು ಆ ಓಟಿಪಿ ಒಂದೇ.

ನನ್ನ ಕೈಗೆ ಮೊಬೈಲ್ ಬಂದ ಮೇಲೂ ಖಾತೆಯಲ್ಲಿ ನಿನ್ನ ನಂಬರನ್ನೇ ಬಿಟ್ಟಿದ್ದೆ. ಬದಲಿಸುವುದು ದೊಡ್ಡ ರಗಳೆ ಎಂದು ಎಲ್ಲರಿಗೂ ಹೇಳುತ್ತಿದ್ದೆ. ತಿಂಗಳು ತಿಂಗಳು ಸಂಬಳದ್ದೋ ಪಿಂಚಣಿಯದೋ ಚೀಟಿ ನೋಡುವ ನೆಪದಲ್ಲಿ ನಿನಗೆ ಫೋನ್ ಮಾಡುತ್ತಿದ್ದೆ. ಉಂಡೆಯಾ ಎಂದು ಮೊದಲು ಕೇಳಿ, ನಿನ್ನ ಓಣಿಯ ಸುದ್ದಿಯೆಲ್ಲ ಮುಗಿದ ಮೇಲೆ ನಂಬರು ಕೇಳುವಷ್ಟರಲ್ಲಿ ಅದರ ಅವಧಿ ತೀರಿರುತ್ತಿತ್ತು. ಮತ್ತೆ ಕಳಿಸು ಎಂದು ಒತ್ತುತ್ತಿದ್ದೆ. ಮತ್ತೆ ಮಾತು.

ಒಂದು ಸಲ ಯಾರೋ ಒಬ್ಬ ನಿನಗೆ ಫೋನ್ ಮಾಡಿ, ತಾನು ಆಫೀಸಿನವನು, ಶಿವಬಸಮ್ಮ ಮೇಡಂ ಇಲ್ಲೇ ಇದ್ದಾರೆ, ನಿಮಗೆ ಬಂದ ನಂಬರು ಹೇಳಿ ಅಂದಿದ್ದನಲ್ಲ. “ನಮ್ಮಕ್ಕ ಉಂಡಿಯೇನು ಅಂತ ಕೇಳಲಾರದ ನಂಬರ ಕೇಳಾಕಿ ಅಲ್ಲ. ಇಡಪಾ ಫೋನು” ಎಂದು ಅವನ ಬಾಯಿ ಮುಚ್ಚಿಸಿದ್ದೆ. ಆಮೇಲೆ ನನಗೆ ಫೋನ್ ಮಾಡಿ ಅದನ್ನು ಹೇಳಿ ನಕ್ಕೆ. ನಾನೂ ನಕ್ಕೆ. ಫೋನಿಟ್ಟ ಮೇಲೆ ನನಗೆ ಅಳು ಬಂತು. ನನ್ನನ್ನು ಅಷ್ಟು ಬಲ್ಲವರು ಈ ಭೂಮಿಯ ಮೇಲೆ ನೀನೊಬ್ಬಳೇ ಎಂದು ಗೊತ್ತಾಗಿ ಅತ್ತೆ.

ಕಳೆದ ತಿಂಗಳು, ಪಿಂಚಣಿ ನಿಲ್ಲದಿರಲು, ನಾನು ಬದುಕಿದ್ದೇನೆಂದು ಖಾತೆಯಲ್ಲಿ ತೋರಿಸಬೇಕಿತ್ತು. ನೀನು ಹೇಳಿದ ನಂಬರು ತಪ್ಪಾಯಿತು. ಇನ್ನೊಂದು ಹೇಳಿದೆ, ಅದೂ ತಪ್ಪು. “ನೋಡಿ ಹೇಳ ಮಲ್ಲಿ” ಅಂದೆ. “ನೋಡೇ ಹೇಳಾಕತ್ತೀನಿ” ಅಂದ ನಿನ್ನ ದನಿ ಯಾಕೋ ಸಣ್ಣಗಾಗಿತ್ತು. ಕಡೆಗೆ ಖಾತೆ ಬೀಗ ಹಾಕಿಕೊಂಡು ಬಿಟ್ಟಿತು. ಖಾತೆಯ ಚಿಂತೆಗಿಂತ ನಿನ್ನ ಆ ದನಿಯ ಚಿಂತೆ ಹೆಚ್ಚಾಗಿ, ಮರುದಿನ ಬೆಳಗ್ಗೆಯೇ ಬಸ್ಸು ಹತ್ತಿದೆ.

ಗದ್ವಾಲದ ಸೀರೆ ಅಂಗಡಿಯ ಮೇಲಿನ ನಿನ್ನ ಕೋಣೆ. ಬಾಗಿಲು ತೆರೆದೇ ಇತ್ತು, ಬಿಸಿಲು ಒಳಗಿನ ತನಕ ಬಿದ್ದಿತ್ತು. ನಾನು ಹೊಸ್ತಿಲ ಮೇಲೆ ನಿಂತಿದ್ದೆ. ನೀನು ನನ್ನ ಕಡೆಗೇ ಮುಖ ಎತ್ತಿ, “ಯಾರ್ರಿ?” ಅಂದೆ.

ನಾನು ಹತ್ತಿರ ಬಂದು ಕೈ ಹಿಡಿದ ಮೇಲೆ ನೀನು ಗುರುತಿಸಿದೆ.

“ಯಾವಾಗಿಂದ ಮಲ್ಲಿ?”

“ದಸರಾಕಿಂತ ಮೊದಲ. ಸಕ್ಕರೆ ಬ್ಯಾನಿ ಕಣ್ಣಿಗೆ ಇಳದೈತಂತ. ಸಣ್ಣ ಅಕ್ಷರ ಏನೂ ಕಾಣವಲ್ವು.”

“ಮತ್ತ ನಂಬರ ಹೆಂಗ ಹೇಳ್ತಿದ್ದಿ?”

“ಕೆಳಗಿನ ಅಂಗಡಿ ಬುಗ್ಗಮ್ಮನ ಕೈಲಿ ಓದಿಸ್ಕೊಂಡು ಹೇಳ್ತಿದ್ದೆ. ಮೊನ್ನೆ ಆಕಿ ಊರಾಗ ಇರಲಿಲ್ಲ.”

“ಕಾಣಂಗಿಲ್ಲ ಅಂತ ನನಗ ಒಂದ ಮಾತು ಹೇಳಾಕ ಏನಾಗಿತ್ತು ನಿನಗ?”

ನೀನು ಸೀರೆಯ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಹೇಳಿದೆ: “ಹೇಳಿದ್ರ ನೀ ನಂಬರ ಬದ್ಲಿ ಮಾಡಿಸ್ತಿದ್ದಿ.”

ನಾನೂ ಅದಕ್ಕೇ ನಂಬರು ಬದಲಿಸಿರಲಿಲ್ಲ ಎಂದು ಆ ಕ್ಷಣವೇ ಹೇಳಬೇಕಿತ್ತು. ಆದರೆ ಎದ್ದು ಹೋಗಿ ನಿನ್ನ ಒಲೆ ಹಚ್ಚಿ ಅನ್ನಕ್ಕಿಟ್ಟೆ.

ಬೀಗ ಬಿದ್ದ ಖಾತೆಯನ್ನು ಬಿಡಿಸಲೇಬೇಕಿತ್ತು. ಉಂಡು ಇಬ್ಬರೂ ಆನ್‌ಲೈನ್ ಸೆಂಟರಿಗೆ ಹೋದೆವು. ಅಲ್ಲಿಯ ಹೆಣ್ಣುಮಗಳು ನನ್ನ ಆಧಾರ್ ನೋಡಿ, ಬೆರಳೊತ್ತಿಸಿಕೊಂಡು, “ಅಮ್ಮಾ, ಮೀ ನಂಬರ್ ಚೆಪ್ಪಂಡಿ” ಎಂದು ತೆಲುಗಿನಲ್ಲಿ ನನ್ನ ನಂಬರು ಕೇಳಿದಳು. ನಾನು ತಡವರಿಸಿದೆ. ನನ್ನ ನಂಬರನ್ನು ನೀನೇ ಬಾಯಿಪಾಠದಂತೆ ಹೇಳಿಬಿಟ್ಟೆ; ಖಾತೆಯಲ್ಲಿ ನಿನ್ನದು ಹೋಗಿ ಅದು ಕೂತಿತು. ಹೊಸ ಪಾಸ್‌ವರ್ಡನ್ನು ನೀವೇ ಹೊಡೆಯಿರಿ, ಮನೆಯವರಿಗೂ ಹೇಳಬೇಡಿ ಎಂದು ಆ ಹುಡುಗಿ ಪಕ್ಕಕ್ಕೆ ತಿರುಗಿ ಕೂತಳು. ಮಲ್ಲಿ, ಆಗ ನೀನೂ ಮುಖ ತಿರುಗಿಸಿಕೊಂಡೆ. ಕಣ್ಣು ಕಾಣದಿದ್ದರೂ ತಿರುಗಿಸಿಕೊಂಡೆ. ನಾನು ಅಕ್ಷರ ಹೊಡೆದು ಮುಗಿಸುವ ತನಕ ಗೋಡೆಯ ಕಡೆಗೇ ಕೂತಿದ್ದ ನಿನ್ನ ಆ ಬೆನ್ನು ಇವತ್ತಿಗೂ ನನ್ನ ಕಣ್ಣ ಮುಂದಿನಿಂದ ಸರಿದಿಲ್ಲ.

“ಆತಲ್ಲ? ಇನ್ನ ನಂಬರಿಗಂತ ಯಾರ್ನೂ ಕಾಡೋದಿಲ್ಲ ಬಿಡು” ಎಂದು ನಗುತ್ತ ಎದ್ದೆ ನೀನು. ನನ್ನ ಬಸ್ಸು ಜೂರಾಲದ ಅಣೆಕಟ್ಟು ದಾಟುವಾಗ ಕೆಳಗೆ ಅಷ್ಟು ನೀರಿತ್ತು. ನಾನು ಮಾತ್ರ ತಲೆ ತಗ್ಗಿಸಿಕೊಂಡು ಕೂತಿದ್ದೆ.

ಊರು ತಲುಪಿದವಳೇ ಐಶ್ವರ್ಯಳಿಗೆ ಎಲ್ಲವನ್ನೂ ಹೇಳಿದೆ. ಅವಳು ಬಂದು ನಿನ್ನನ್ನು ಶಾಂತಿನಗರದ ತನ್ನ ಮನೆಗೆ ಕರೆದುಕೊಂಡು ಹೋದಳು. ನಿನಗೆ ಸಿಟ್ಟು ಬಂದಿದೆ, ಗೊತ್ತು. ಅವತ್ತಿನಿಂದ ನಿನ್ನ ಫೋನಿಲ್ಲ. ರಾಯಚೂರಿನ ಕಣ್ಣಿನ ಡಾಕ್ಟರು ಇರುವಷ್ಟು ನೋಟವನ್ನು ಉಳಿಸಬಹುದು ಅಂದರಂತೆ, ಅದಕ್ಕಾಗಿ ನಿನ್ನ ಸಿಟ್ಟನ್ನು ನಾನು ತಾಳಿಕೊಳ್ಳಬಲ್ಲೆ. ಆದರೆ ಅಳಿಯ-ಮಗಳು ಕೆಲಸಕ್ಕೆ ಹೋದ ಮೇಲೆ ನೀನು ಸಂಜೆಯ ತನಕ ಬಾಗಿಲ ಬಳಿ ಒಬ್ಬಳೇ ಕೂತಿರುತ್ತೀಯೆಂದು ಐಶ್ವರ್ಯ ಹೇಳಿದಳು. ಇಲ್ಲಿ ನಾನೂ ಹಾಗೇ ಕೂತಿರುತ್ತೇನೆ.

ಆದ್ದರಿಂದ ಕೇಳುತ್ತಿದ್ದೇನೆ. ಮಕ್ತಲಿಗೆ ಬಂದುಬಿಡು. ಆಸ್ಪತ್ರೆಗೆ ಹೋಗಲು ಇಲ್ಲಿಂದ ರಾಯಚೂರು ಹತ್ತಿರ ಎಂದು ಹೇಳಿ ಕರೆಯಬಹುದಿತ್ತು. ನಿನ್ನನ್ನು ನೋಡಿಕೊಳ್ಳುತ್ತೇನೆ ಎಂದು ದೊಡ್ಡ ಮಾತು ಆಡಬಹುದಿತ್ತು. ಅಂಥ ಮಾತಿಗೆ ನೀನು ಬರುವವಳಲ್ಲ. ನಿನ್ನ ಕಣ್ಣಿಗಾಗಿ ಕರೆಯುತ್ತಿಲ್ಲ ಮಲ್ಲಿ. ನನಗೆ ಒಬ್ಬಳಿಗೇ ಇರಲು ಆಗುತ್ತಿಲ್ಲ. ಇಷ್ಟು ವರ್ಷ ಇದನ್ನು ಯಾರಿಗೂ ಹೇಳಿಲ್ಲ, ನನಗೆ ನಾನೂ ಹೇಳಿಕೊಂಡಿರಲಿಲ್ಲ.

ಐಶ್ವರ್ಯ, ನಿಮ್ಮವ್ವನನ್ನು ನಿನ್ನಿಂದ ಕಿತ್ತುಕೊಳ್ಳುತ್ತಿದ್ದೇನೆ ಎಂದುಕೊಳ್ಳಬೇಡ. ಆಕೆ ಬರಲಾರೆ ಅಂದರೆ ಒತ್ತಾಯ ಮಾಡಬೇಡ. ಆದರೆ ಆ ಮಾತನ್ನು ನೀನು ಬರೆದು ಕಳಿಸಬೇಡ.

ಮಲ್ಲಿ, ಬರುತ್ತೇನೆ ಅಂದರೂ ಸರಿ, ಒಲ್ಲೆ ಅಂದರೂ ಸರಿ. ಫೋನ್ ಮಾಡಿ ನೀನೇ ಹೇಳು.

ನಿನ್ನ ಕಣ್ಣ ಬೆಳಕನ್ನು ಆ ಶಿವ ಕಾಯಲಿ. ನಿನ್ನ ಮಗಳ ಮನೆ ತಂಪಾಗಿರಲಿ.

ನಿನ್ನ ಅಕ್ಕ,
ಶಿವಬಸಮ್ಮ